ಕಡತದಲ್ಲಿ ಉಳಿದ ಮನೆ

ಸ್ಪಂಜಿನ ತುಂಡಿಗೆ ಏಳು ಸೂಜಿ ಚುಚ್ಚಿಯಾಗಿತ್ತು. ಎಂಟನೆಯದರ ಕಣ್ಣನ್ನು ಬೆಳಕಿಗೆ ಹಿಡಿದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು ಪೋಣಿಸುತ್ತಿದ್ದೆ. ನಾಲ್ಕಕ್ಕೆ ಬಿಳಿ ದಾರ, ಎರಡಕ್ಕೆ ಕಪ್ಪು, ಎರಡಕ್ಕೆ ಕಂದು. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಈ ಕೆಲಸ ನಡೆಯುವಾಗ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಅವಳಿಗೆ ಸೂಜಿಯ ಕಣ್ಣು ಕಾಣದೆ ಎರಡು ವರ್ಷವಾಗಿತ್ತು. ದಾರ ಪೋಣಿಸಿ ಕೊಟ್ಟರೆ ಮಾತ್ರ ಕೈ ತಾನಾಗಿ ನಡೆಯುತ್ತಿತ್ತು. ದರ್ಜಿ ಅಂಗಡಿಯಿಂದ ಬರುವ ಅಂಗಿಗಳಿಗೆ ಗುಂಡಿ ಹಾಕುವುದು, ಪ್ಯಾಂಟಿನ ಅಂಚು ಮಡಚಿ ಹೊಲಿಯುವುದು, ಇಷ್ಟನ್ನು ಅವಳು ಬಿಟ್ಟಿರಲಿಲ್ಲ.

ಬಾಗಿಲ ಕೆಳಗಿನಿಂದ ಲಕೋಟೆಯೊಂದು ಒಳಗೆ ಜಾರಿತು. ಆರೋಗ್ಯ ನೆರವಿನ ಕಚೇರಿಯದು. ನಾನು ಎಂಟನೆಯ ಸೂಜಿಯನ್ನೂ ಚುಚ್ಚಿಟ್ಟು ಆಮೇಲೆ ತೆಗೆದು ಓದಿದೆ. ಅಜ್ಜಿಯ ಕಾರ್ಡನ್ನು ಈ ತಿಂಗಳ ಕೊನೆಗೆ ನಿಲ್ಲಿಸುತ್ತಾರಂತೆ. ಅವಳ ಬಳಿ ಮಿತಿಗಿಂತ ಹೆಚ್ಚು ಆಸ್ತಿ ಇದೆಯಂತೆ.

ಅಜ್ಜಿಯ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಯ ವ್ಯಾನು ಬಂದು ನಮ್ಮನ್ನು ಕರೆದೊಯ್ಯುತ್ತಿತ್ತು. ನಾಲ್ಕು ಗಂಟೆ ಹೊತ್ತು ಅವಳ ರಕ್ತ ಮಷೀನಿನೊಳಗೆ ಹೋಗಿ ತೊಳೆದುಕೊಂಡು ಬರುತ್ತಿತ್ತು. ಹಣವಿಲ್ಲದವರಿಗೆ ಕೊಡುವ ಆ ಕಾರ್ಡು ಇದ್ದುದರಿಂದ ನಾವು ಏನೂ ಕೊಡಬೇಕಾಗಿರಲಿಲ್ಲ. ಅದು ನಿಂತರೆ ಮಷೀನು ನಿಲ್ಲುತ್ತದೆ. ಮಷೀನು ನಿಂತರೆ ಎಷ್ಟು ದಿನ ಎಂದು ಹಿಂದೊಮ್ಮೆ ನಾನು ಸಿಸ್ಟರನ್ನು ಕೇಳಿದ್ದೆ. ಅವರು ಎರಡು ಬೆರಳು ತೋರಿಸಿ, "ವಾರ" ಎಂದಷ್ಟೇ ಹೇಳಿದ್ದರು.

ಆಸ್ತಿ ಎಂದರೆ ನೀಲಿ ಬಾಗಿಲಿನ ಮನೆ. ಅಮ್ಮ ತೀರಿಕೊಂಡ ಮೇಲೆ ಆರನೇ ವಯಸ್ಸಿನಿಂದ ನಾನು ಬೆಳೆದದ್ದು ಅಲ್ಲೇ. ಮೂರು ಕೋಣೆ, ಒಂದು ಹಿತ್ತಲು, ಮುಂದೆ ಎರಡು ಮೆಟ್ಟಿಲು. ಬಾಗಿಲು ಎಷ್ಟು ಗಿಡ್ಡವೆಂದರೆ ಅಜ್ಜಿಯೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಿತ್ತು. ಕಿಟಕಿಯ ಕೆಳಗೆ ಅವಳ ಕಾಲುತುಳಿ ಹೊಲಿಗೆ ಮಷೀನು. ಅದೇ ಮಷೀನಿನಲ್ಲಿ ಅವಳು ಮೂರು ಮಕ್ಕಳನ್ನೂ ನನ್ನನ್ನೂ ಸಾಕಿದ್ದಳು. ಎರಡು ವರ್ಷದ ಹಿಂದೆ ಆ ಮನೆ ಮಾರಿದಳು. ಮಾವನಿಗೆ ಸರಕು ಸಾಗಿಸುವ ವ್ಯಾನು ಬೇಕಿತ್ತು. ಚಿಕ್ಕಮ್ಮನಿಗೆ ಕೂದಲು ಕತ್ತರಿಸುವ ಅಂಗಡಿ ಇಡಬೇಕಿತ್ತು. "ಕಣ್ಣು ಮುಚ್ಚಿದ ಮೇಲೆ ಕೊಟ್ರೆ ಇವರ ಮುಖ ಅರಳೋದು ನನಗೆಲ್ಲಿ ಕಾಣುತ್ತೆ?" ಎಂದು ಅಜ್ಜಿ ಹಣವನ್ನೆಲ್ಲ ಹಂಚಿಬಿಟ್ಟಳು. ನನಗೂ ಸ್ವಲ್ಪ ಕೊಟ್ಟಳು. ಅದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಈ ಎರಡು ಕೋಣೆಗಳ ಮುಂಗಡಕ್ಕೆ ಹೋಯಿತು. ಕೊಂಡವರು ತಿಂಗಳೊಳಗೆ ಮನೆ ಕೆಡವಿದರು. ನಾನು ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ನೋಡಿದ್ದೆ. ಮೊದಲು ಬಾಗಿಲು ಕಿತ್ತು ಗೋಡೆಗೆ ಒರಗಿಸಿದರು, ಆಮೇಲೆ ಆ ಗೋಡೆಯನ್ನೂ ಉರುಳಿಸಿದರು. ಮಷೀನನ್ನು ಗುಜರಿಯವನು ಒಯ್ದ. ಈಗ ಅಲ್ಲಿ ವಾಹನ ನಿಲ್ಲಿಸುವ ಬಯಲಿದೆ.

ಕಾರ್ಡು ನವೀಕರಿಸುವ ಅರ್ಜಿ ತುಂಬಿದ್ದು ನಾನೇ. ಅಜ್ಜಿ ಹಾಸಿಗೆ ಹಿಡಿದಾಗ ಎಂಟನೇ ತರಗತಿಗೇ ಶಾಲೆ ಬಿಟ್ಟೆನಾದರೂ ನನ್ನ ಅಕ್ಷರ ದುಂಡಗಿದೆ. "ಮನೆ ಮಾರಿದ್ದರೆ, ಬಂದ ಹಣ ಏನಾಯಿತು?" ಎಂದು ಅದರಲ್ಲಿ ಕೇಳಿದ್ದರು. "ಅಜ್ಜಿ ಅದನ್ನು ಪ್ರೀತಿಯಿಂದ ನಮಗೆಲ್ಲ ಕೊಟ್ಟಳು" ಎಂದು ಬರೆದಿದ್ದೆ. ಓದಿದವರಿಗೆ ಅವಳು ಎಂಥವಳೆಂದು ಗೊತ್ತಾಗಲಿ ಎನ್ನುವುದು ನನ್ನ ಆಸೆಯಾಗಿತ್ತು.

ಕಚೇರಿಯಲ್ಲಿ ನಮ್ಮ ಸರದಿ ಬಂದಾಗ ಗಾಜಿನ ಹಿಂದಿದ್ದ ಅಧಿಕಾರಿ ಕನ್ನಡಕ ಮೇಲೇರಿಸಿ ಅರ್ಜಿಯನ್ನು ನೋಡಿದರು. ನನ್ನ ಚಿಕ್ಕಮ್ಮನ ವಯಸ್ಸಿನ ಹೆಂಗಸು. ದನಿ ಮೆತ್ತಗಿತ್ತು.

"ನೀನೇ ಬರೆದಿದ್ದಾ?"

ತಲೆಯಾಡಿಸಿದೆ.

"ಅಕ್ಷರ ಮುತ್ತಿನಂಗಿದೆ. ಅದೇ ತೊಂದರೆ ನೋಡು, ತಪ್ಪಾಗಿ ಓದಿದೆ ಅನ್ನೋ ಹಾಗೂ ಇಲ್ಲ." ಪೆನ್ಸಿಲಿನ ತುದಿಯನ್ನು 'ಪ್ರೀತಿಯಿಂದ' ಎನ್ನುವ ಪದದ ಕೆಳಗೆ ಇಟ್ಟರು. "ಸಾಲ ತೀರಿಸಿದ್ದು ಅಂತಿದ್ದು, ಅದಕ್ಕೆ ಕಾಗದ ಇದ್ದಿದ್ರೆ ಬೇರೆ. ನೀನು ಅಜ್ಜೀನ ನೋಡ್ಕೊಂಡಿದ್ದಕ್ಕೆ ಸಂಬಳ ಅಂತ ಮೊದಲೇ ಕರಾರು ಮಾಡ್ಕೊಂಡಿದ್ರೆ ಅದೂ ಬೇರೆ. ಪ್ರೀತಿಯಿಂದ ಕೊಟ್ರೆ ಅದು ದಾನ. ವಾಸ ಇರೋ ಮನೇನ ನಾವು ಲೆಕ್ಕಕ್ಕೆ ಹಿಡಿಯಲ್ಲ. ಆದರೆ ಅದನ್ನ ಮಾರಿ ದುಡ್ಡು ದಾನ ಕೊಟ್ರೆ, ಐದು ವರ್ಷದ ತನಕ ಕೊಟ್ಟ ಹಾಗಲ್ಲ. ಇನ್ನೂ ನಿಮ್ಮ ಹತ್ರಾನೇ ಇದ್ದ ಹಾಗೆ."

ಪಕ್ಕದಲ್ಲಿದ್ದ ಅಜ್ಜಿ ಗಾಜಿನ ಕಿಂಡಿಗೆ ಮುಖ ತಂದಳು. "ಇದ್ದ ಹಾಗೆ ಅಂದ್ರೆ ಹೇಗಮ್ಮ?"

"ಇದೆ ಅಂತಾನೇ ಇಟ್ಕೊಳ್ಳಿ ಅಜ್ಜಿ. ನಮ್ಮ ಕಡತದಲ್ಲಿ ಅದು ಎಲ್ಲೂ ಹೋಗಿಲ್ಲ."

"ಹಿತ್ತಲೂ ಸೇರಿ?"

ಅಧಿಕಾರಿ ನಕ್ಕರು. "ಹಿತ್ತಲೂ ಸೇರಿ."

ಅಜ್ಜಿ ನಗಲಿಲ್ಲ. ಕಳೆದ ವಸ್ತು ಎಲ್ಲಿದೆ ಎಂದು ಗೊತ್ತಾದವಳಂತೆ ನಿಧಾನವಾಗಿ ತಲೆಯಾಡಿಸಿದಳು.

ಅಧಿಕಾರಿ ನನ್ನ ಕಡೆ ತಿರುಗಿ ಉಳಿದದ್ದನ್ನು ಹೇಳಿದರು. ಹಣ ಪಡೆದವರು ಅದನ್ನು ಮರಳಿ ಕೊಟ್ಟರೆ ಆ ಹಣದಲ್ಲೇ ಚಿಕಿತ್ಸೆ ಮಾಡಿಸಬೇಕು, ಅದು ತೀರಿದ ಮೇಲೆ ಕಾರ್ಡು ಮತ್ತೆ ಸಿಗುತ್ತದೆ. ಕೊಡದಿದ್ದರೆ ಐದು ವರ್ಷ ತುಂಬುವವರೆಗೆ, ಎಂದರೆ ಇನ್ನೂ ಮೂರು ವರ್ಷ ಕಾಯಬೇಕು. ಸಿಸ್ಟರ್ ತೋರಿಸಿದ್ದ ಎರಡು ಬೆರಳು ನೆನಪಾಯಿತು. ಅಜ್ಜಿಯ ತೋಳು ಹಿಡಿದು ಹೊರಗೆ ಬಂದೆ.

ಮನೆಗೆ ಮರಳಿ ಒಳಗೆ ಹೋಗುವಾಗ ಅಜ್ಜಿ ತಲೆ ಬಗ್ಗಿಸಿದಳು. ನಮ್ಮ ಈ ಕೋಣೆಗಳ ಬಾಗಿಲು ಎತ್ತರವಾಗಿದೆ, ಮಾವನೇ ಕೈ ಎತ್ತಿದರೂ ಚೌಕಟ್ಟು ತಾಗುವುದಿಲ್ಲ. ಹೊಸ್ತಿಲ ಮುಂದೆ ಅವಳು ಒಂದು ಕಾಲೆತ್ತಿ ಇಟ್ಟಳು, ಇನ್ನೊಂದು ಕಾಲೆತ್ತಿ ಇಟ್ಟಳು, ಅಲ್ಲಿ ಎರಡು ಮೆಟ್ಟಿಲಿದೆ ಎನ್ನುವಂತೆ.

ಭಾನುವಾರ ಮಧ್ಯಾಹ್ನ ಮಾವ, ಚಿಕ್ಕಮ್ಮ ಬಂದರು. ಅಧಿಕಾರಿ ಹೇಳಿದ್ದನ್ನು ನಾನು ತಡವರಿಸುತ್ತಾ ಹೇಳಿ ಮುಗಿಸಿದೆ.

"ಅಲ್ಲ ಮೂಕಿ," ಎಂದ ಮಾವ. ನನ್ನನ್ನು ಅವನು ಕರೆಯುವುದೇ ಹಾಗೆ. "ಹತ್ತು ವರ್ಷದಿಂದ ಬಾಯಲ್ಲಿ ಆಡದೇ ಇದ್ದಿದ್ದನ್ನೆಲ್ಲ ಒಟ್ಟಿಗೆ ಅರ್ಜೀಲಿ ಬರೆದುಬಿಟ್ಯಾ?"

"ಬಾಯಿಗೆ ಹೊಲಿಗೆ ಹಾಕ್ಕೊಂಡಿರೋಳು, ಪೆನ್ನು ಸಿಕ್ಕ ಕೂಡಲೇ ಪ್ರೀತಿ ಗೀತಿ ಅಂತ," ಎಂದಳು ಚಿಕ್ಕಮ್ಮ. ಬೈಗುಳವಾಗಿರಲಿಲ್ಲ, ಆದರೂ ನನಗೆ ಕಣ್ಣು ತುಂಬಿತು. ಅದನ್ನು ನೋಡಿ ಅವಳು ನನ್ನ ತಲೆ ಸವರಿದಳು. "ಹೋಗ್ಲಿ ಬಿಡು. ನಿನಗೇನು ಗೊತ್ತು. ನಮಗೂ ಗೊತ್ತಿರಲಿಲ್ಲ."

"ಈಗ ನಾನೇನು ಮಾಡ್ಲಿ? ವ್ಯಾನ್ ಬಿಚ್ಚಿ ಒಂದೊಂದೇ ಚಕ್ರ ಕೊಡ್ಲಾ?"

"ನಿನ್ನ ಚಕ್ರನಾದ್ರೂ ಉರುಳುತ್ತೆ ಅಣ್ಣ. ನನ್ನ ಕನ್ನಡಿ, ಕುರ್ಚಿ ಯಾರಿಗೆ ಬೇಕು? ಹಾಕಿದ್ದರಲ್ಲಿ ಕಾಲುಭಾಗಾನೂ ಹುಟ್ಟಲ್ಲ."

"ಯಾರೂ ಏನೂ ಕೊಡಬೇಡಿ," ಎಂದಳು ಅಜ್ಜಿ. ಅವಳು ಅಂಗಿಯೊಂದರ ಕೊನೆಯ ಗುಂಡಿ ಹೊಲಿಯುತ್ತಿದ್ದಳು. "ಕೊಟ್ಟಿದ್ದು ಎಲ್ಲೂ ಹೋಗಿಲ್ಲ ಅಂತ ಕಚೇರಿಯವರೇ ಹೇಳಿದ್ರಲ್ಲ. ನನಗೆ ಮನೆ ಇದೆ. ಮನೇಲಿ ಮಷೀನೂ ಇದೆ. ಆಸ್ಪತ್ರೆ ಮಷೀನು ಯಾಕೆ?"

ಮಾವನ ಮುಖ ಕಪ್ಪಿಟ್ಟಿತು. "ಚುಚ್ಚಿ ಮಾತಾಡಬೇಡಮ್ಮ. ನೋಡೋಣ. ಏನಾದ್ರೂ ಮಾಡೋಣ." ಅವನು ಎದ್ದು ಹೋದ. ಕೆಳಗೆ ವ್ಯಾನು ಹೊರಟ ಸದ್ದು ಕೇಳಿಸಿತು.

ಅಜ್ಜಿ ಚುಚ್ಚಿ ಆಡಿದ ಮಾತಲ್ಲ ಅದು. ನಾನು ಅವಳ ಮುಖ ನೋಡುತ್ತಿದ್ದೆ. ಇರುವ ವಿಷಯವನ್ನು ಇರುವಂತೆ ಹೇಳುವವರ ಮುಖ ಹಾಗಿರುತ್ತದೆ.

ಹೋಗುವ ಮುಂಚೆ ಚಿಕ್ಕಮ್ಮ ಒಂದು ದಾರಿ ಹೇಳಿಕೊಟ್ಟಳು. ಮೇಲ್ಮನವಿ ಬರೆ, ಮನೆಯೂ ಇಲ್ಲ ದುಡ್ಡೂ ಇಲ್ಲ ಅನ್ನೋದನ್ನ ಅವರೇ ಬಂದು ಕಣ್ಣಾರೆ ನೋಡಲಿ, ಬರೀ ಬಯಲು ನೋಡಿದ್ರೆ ಕಲ್ಲಿಗಾದರೂ ಕರುಣೆ ಬರುತ್ತೆ ಎಂದಳು. ನಾನು ಹಳೆಯ ಮನೆಯ ವಿಳಾಸ ಕೊಟ್ಟು ಬರೆದೆ. "ಈ ಜಾಗದಲ್ಲಿ ಈಗ ಮನೆ ಇಲ್ಲ. ದಯವಿಟ್ಟು ಬಂದು ನೋಡಿ." ಈ ಸಲ ಪ್ರೀತಿಯ ಸುದ್ದಿಗೇ ಹೋಗಲಿಲ್ಲ.

ಆ ವಾರದಿಂದ ಸೂಜಿಗಳು ಕಾಣೆಯಾಗತೊಡಗಿದವು. ಮೊದಲ ದಿನ ಬೆಳಿಗ್ಗೆ ಎಂಟು ಸೂಜಿಗೂ ದಾರ ಪೋಣಿಸಿಟ್ಟು, ಹೊಲಿದ ಬಟ್ಟೆಗಳನ್ನು ದರ್ಜಿ ಅಂಗಡಿಗೆ ಕೊಟ್ಟು ಬರುವಷ್ಟರಲ್ಲಿ ಸ್ಪಂಜಿನಲ್ಲಿ ಏಳೇ ಇದ್ದವು. ಮರುದಿನ ಇನ್ನೊಂದು ಕಡಿಮೆ. ಹಾಸಿಗೆಯಲ್ಲಿ ಬಿದ್ದು ಅವಳಿಗೆ ಚುಚ್ಚೀತೆಂದು ಭಯಪಟ್ಟು ಚಾದರ ಕೊಡವಿದೆ, ನೆಲವನ್ನೆಲ್ಲ ಅಯಸ್ಕಾಂತದಿಂದ ಸವರಿದೆ.

"ಅಜ್ಜಿ, ಸೂಜಿ ಎಲ್ಲಿಟ್ಟೆ?"

"ಮನೇಲಿ ಇಟ್ಟಿದ್ದೀನಿ. ಕಿಟಕಿ ಹಲಗೆ ಮೇಲೆ."

ನಮ್ಮ ಕಿಟಕಿಗೆ ಹಲಗೆಯೇ ಇಲ್ಲ. ಕಬ್ಬಿಣದ ಸರಳು, ಅದರಾಚೆ ರಸ್ತೆ.

ಇನ್ನೊಂದು ದಿನ ಅವಳ ಚಪ್ಪಲಿಯ ಅಡಿಯಲ್ಲಿ ಸುಣ್ಣದ ಪುಡಿ ಅಂಟಿತ್ತು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಪಕ್ಕ ಓಡಾಡಿದರೆ ಅಂಟುವಂಥದು. ಅವಳು ಯಾರದಾದರೂ ತೋಳು ಹಿಡಿಯದೆ ನಮ್ಮ ಹತ್ತೊಂಬತ್ತು ಮೆಟ್ಟಿಲು ಇಳಿಯಲಾರಳು. ಕೆಳಗಿನ ಸೈಕಲ್ ಅಂಗಡಿಯವರನ್ನು ವಿಚಾರಿಸಿದೆ. "ನಿಮ್ಮಜ್ಜಿ ಇಳಿದಿದ್ರೆ ನಾನೇ ಕೈ ಹಿಡ್ಕೊಳ್ತಿರ್ಲಿಲ್ವಾ? ಬೆಳಗಿಂದ ಇಲ್ಲೇ ಪಂಕ್ಚರ್ ಹಾಕ್ತಾ ಕೂತಿದ್ದೀನಿ, ಯಾರೂ ಇಳಿದಿಲ್ಲ," ಎಂದರು. ನಾನು ಚಪ್ಪಲಿ ಒರೆಸಿ ಬಾಗಿಲ ಪಕ್ಕ ಇಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಜ್ಜಿಗೆ ಅರಳುಮರಳು ಎನ್ನುತ್ತಿದ್ದರು, ಇಲ್ಲವೇ ನನಗೆ.

ಬುಧವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳು ಮಷೀನಿಗೆ ಕೈ ಕೊಟ್ಟು ಮಲಗಿದ್ದಳು. ನಾನು ಪಕ್ಕದ ಸ್ಟೂಲಿನಲ್ಲಿದ್ದೆ. ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಹೊದಿಕೆಯ ಕೆಳಗೆ ಅವಳ ಪಾದಗಳು ಅಲುಗತೊಡಗಿದವು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು.

"ಏನಿದು, ಅಜ್ಜಿ ಕನಸಲ್ಲಿ ಸೈಕಲ್ ಹೊಡೀತಿದ್ದಾರಾ?" ಎಂದು ಸಿಸ್ಟರ್ ನಕ್ಕರು.

ಸೈಕಲ್ಲಲ್ಲ. ಹೊಲಿಗೆ ಮಷೀನು ತುಳಿಯುವ ಕಾಲು ಹಾಗೆಯೇ ಅಲುಗುತ್ತದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ದಾಟಿ ಐದು ನಿಮಿಷವಾಗಿತ್ತು. ಪಾದಗಳು ತಟ್ಟನೆ ನಿಂತವು. ಅಜ್ಜಿ ಕಣ್ಣು ಬಿಟ್ಟಳು.

"ಪಾಪ," ಎಂದಳು. "ಯಾರೋ ಎತ್ತರದ ಮನುಷ್ಯ. ಬಗ್ಗಿ ಬಾಪ್ಪ ಅನ್ನೋದರೊಳಗೆ ಹಣೆ ಹೊಡ್ಕೊಂಡ."

ಎಂಟು ದಿನ ಬಿಟ್ಟು ಕಚೇರಿಯಿಂದ ಕರೆ ಬಂತು. ನಾನೊಬ್ಬಳೇ ಹೋದೆ. ಗಾಜಿನ ಹಿಂದಿದ್ದ ಅಧಿಕಾರಿಯ ದನಿ ಈಗ ಮೆತ್ತಗಿರಲಿಲ್ಲ.

"ನಾನು ನಿನ್ನನ್ನ ಪಾಪದ ಹುಡುಗಿ ಅಂದ್ಕೊಂಡಿದ್ದೆ. ಇರೋಕೆ ಒಂದು ಮನೆ, ಹೊಲಿಯೋಕೆ ಇನ್ನೊಂದಾ?"

ಅವರು ವರದಿಯನ್ನು ಕಿಂಡಿಯಿಂದ ಹೊರಗೆ ತಳ್ಳಿದರು. ತನಿಖೆಗೆ ಹೋದವರ ಕೈಬರಹ. "ಬುಧವಾರ, ಹನ್ನೊಂದು ಗಂಟೆ ಐದು ನಿಮಿಷ. ಮನೆ ಸುಸ್ಥಿತಿಯಲ್ಲಿದೆ. ಮುಂದೆ ಎರಡು ಮೆಟ್ಟಿಲು, ನೀಲಿ ಬಣ್ಣದ ಗಿಡ್ಡ ಬಾಗಿಲು. ಮೂರು ಕೋಣೆ, ಹಿತ್ತಲು. ಒಳಗೆ ಇತ್ತೀಚೆಗೆ ಸುಣ್ಣ ಬಳಿಯಲಾಗಿದೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಬಳಕೆಯಲ್ಲಿದೆ. ಕಿಟಕಿಯ ಹಲಗೆಯ ಮೇಲೆ ದಾರ ಪೋಣಿಸಿದ ಐದು ಸೂಜಿ."

ಬುಧವಾರದ ಹೊತ್ತಿಗೆ ನಮ್ಮಲ್ಲಿ ಕಾಣೆಯಾಗಿದ್ದವು ಐದೇ.

"ಮನೆ ಇಲ್ಲ," ಎಂದೆ. "ಅದನ್ನ ಕೆಡವಿದ್ರು. ನಾನು ನೋಡಿದೀನಿ."

"ಬೇಕಾದ್ರೆ ಹೋದವರನ್ನೇ ಕೇಳು."

ಹಿಂದಿನ ಮೇಜಿನಿಂದ ಒಬ್ಬರು ಎದ್ದು ಬಂದರು. ತುಂಬಾ ಎತ್ತರ. ಹಣೆಯ ಮೇಲೆ, ಕೂದಲಿನ ಅಂಚಿಗೆ, ಅಡ್ಡಲಾಗಿ ಅಂಟುಪಟ್ಟಿ.

"ನೀನೇನಾ ಮೊಮ್ಮಗಳು?" ಎಂದರು. "ಒಳ್ಳೇ ಅಜ್ಜಿ ಮಾರಾಯ್ತಿ. ಹಣೆಗೆ ಅವರೇ ಒದ್ದೆ ಬಟ್ಟೆ ಒತ್ತಿದ್ರು. ಒಂದು ಮಾತು ಹೇಳು ಅಂದ್ರು ನಿನಗೆ. ಬಿಳಿ ದಾರ ಮುಗೀತಾ ಬಂತಂತೆ."

"ಆ ಹೊತ್ತಿಗೆ ಅಜ್ಜಿ ಆಸ್ಪತ್ರೇಲಿದ್ದಳು," ಎನ್ನಲು ಹೊರಟೆ. ಅಷ್ಟರಲ್ಲಿ ಅಧಿಕಾರಿ ಮುಂದಿನವರನ್ನು ಕರೆದಿದ್ದರು. ನನ್ನ ಮಾತು ಯಾವತ್ತೂ ಹಾಗೆಯೇ, ಹೊರಡುವಷ್ಟರಲ್ಲಿ ಸರದಿ ಮುಗಿದಿರುತ್ತದೆ.

ತಿಂಗಳು ಮುಗಿಯಿತು. ಸೋಮವಾರ ಆಸ್ಪತ್ರೆಯ ವ್ಯಾನು ಬರಲಿಲ್ಲ. ಬುಧವಾರವೂ ಬರಲಿಲ್ಲ. ಅಜ್ಜಿಯ ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿತು. ಮಲಗಿದರೆ ಉಸಿರು ಸಾಲದೆ ಕುಳಿತೇ ಇರುತ್ತಿದ್ದಳು. ನಾನು ನೀರನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದೆ. ದಿನಕ್ಕೆ ಎರಡು ಸಲ ಮಾವನಿಗೆ ಫೋನು ಮಾಡಿದೆ. "ನೋಡ್ತಾ ಇದೀನಿ ಮೂಕಿ," ಎನ್ನುತ್ತಿದ್ದ. ಹಿಂದೆ ವ್ಯಾನಿನ ಸದ್ದು ಕೇಳಿಸುತ್ತಿತ್ತು. ಚಿಕ್ಕಮ್ಮ ಎರಡು ಕುರ್ಚಿ ಮಾರಿ ಹಣ ತಂದಳು. ಅದು ಒಂದು ಸಲದ ಖರ್ಚಿಗೂ ಅರ್ಧ.

ಕಷ್ಟವೆಂದರೆ ಅಜ್ಜಿಗೆ ಭಯವಿರಲಿಲ್ಲ. ಹಿತ್ತಲ ಬಾಗಿಲು ಹಾಕಿದ್ದೀಯಾ, ಬಟ್ಟೆ ಒಣಗಿತಾ, ಅಗಳಿ ಹಾಕು ಎಂದು ಹೇಳುತ್ತಿದ್ದಳು. ನಾನು ಮೊದಮೊದಲು ಇಲ್ಲ ಎನ್ನುತ್ತಿದ್ದೆ. ಆಮೇಲೆ ಹೂಂ ಎಂದೆ. ಹೂಂ ಎಂದ ದಿನ ಸ್ಪಂಜಿನಲ್ಲಿ ಒಂದೂ ಸೂಜಿ ಉಳಿಯಲಿಲ್ಲ.

ಶುಕ್ರವಾರ ಹನ್ನೆರಡೂವರೆಗೆ ಮಾವನ ಫೋನು ಬಂತು. "ಮೂಕಿ, ಮಾರಿದೆ," ಎಂದ. ಹಿಂದೆ ವ್ಯಾನಿನ ಸದ್ದಿರಲಿಲ್ಲ. "ದುಡ್ಡು ಕೈಯಲ್ಲಿದೆ. ಆಸ್ಪತ್ರೆಗೆ ಮಾತಾಡಿದೀನಿ, ಎರಡು ಗಂಟೆಗೆ ಮಷೀನು ಕೊಡ್ತಾರಂತೆ. ಅಮ್ಮನ್ನ ರೆಡಿ ಮಾಡು, ಬಂದೆ."

ಅಜ್ಜಿಯ ಒಗೆದ ಬಟ್ಟೆ ಮೇಲಿನ ತಂತಿಯಲ್ಲಿತ್ತು. ತಾರಸಿಗೆ ಹೋಗಿ ತೆಗೆದುಕೊಂಡು ಇಳಿದೆ. ಕುರ್ಚಿ ಖಾಲಿಯಿತ್ತು. ಬಾಗಿಲು ತೆರೆದಿತ್ತು. ಅವಳ ಚಪ್ಪಲಿ ಇರಲಿಲ್ಲ, ಬಿಳಿ ದಾರದ ಉಂಡೆಯೂ ಇರಲಿಲ್ಲ. ಕೆಳಗೆ ಸೈಕಲ್ ಅಂಗಡಿಯವರು ಚಕ್ರದಿಂದ ತಲೆಯೆತ್ತಿ, "ಯಾರೂ ಇಳಿದಿಲ್ಲಮ್ಮ," ಎಂದರು.

ಎಲ್ಲಿಗೆ ಹೋಗಬೇಕೆಂದು ನನ್ನ ಕಾಲಿಗೆ ಗೊತ್ತಿತ್ತು. ಓಡುತ್ತಲೇ ಮಾವನಿಗೆ ಫೋನಿನಲ್ಲಿ ಹೇಳಿದೆ.

ವಾಹನ ನಿಲ್ಲಿಸುವ ಬಯಲಿನಲ್ಲಿ ನಡುಮಧ್ಯಾಹ್ನದ ಬಿಸಿಲು ಹೊಡೆಯುತ್ತಿತ್ತು. ಕಾರುಗಳು ಸಾಲಾಗಿ ನಿಂತಿದ್ದವು. ಹಳೆಯ ಚರಂಡಿಯ ಕಲ್ಲು ಉಳಿದಿರುವ ಮೂಲೆಯಲ್ಲಿ ಮಾತ್ರ ಯಾರೂ ಕಾರು ನಿಲ್ಲಿಸಿರಲಿಲ್ಲ. ಮೂರು ಕೋಣೆ, ಒಂದು ಹಿತ್ತಲಿನಷ್ಟು ಜಾಗ ಹಾಗೆಯೇ ಖಾಲಿ ಇತ್ತು. ಅದರ ಅಂಚಿನಲ್ಲಿ ಅಜ್ಜಿಯ ಚಪ್ಪಲಿಗಳು ಜೋಡಿಯಾಗಿದ್ದವು, ಹೊರಗೆ ಬಿಟ್ಟು ಒಳಗೆ ಹೋದವರ ಚಪ್ಪಲಿಯಂತೆ.

ಚೀಟಿ ಹರಿಯುವ ನಡುವಯಸ್ಸಿನವರು ತಮ್ಮ ಕುರ್ಚಿ ಬಿಟ್ಟು ಬಂದರು. "ಅಜ್ಜೀನ ಹುಡುಕ್ತಿದ್ದೀಯಾ? ಈಗಷ್ಟೇ ಬಂದ್ರು. ಅಲ್ಲಿ ತಲೆ ಬಗ್ಗಿಸಿದ್ರು. ಆಮೇಲೆ ಎಲ್ಲಿ ಹೋದ್ರೋ, ಒಂದು ಕಾರು ಅಡ್ಡ ಬಂತು, ನಾನು ನೋಡಲಿಲ್ಲ." ಖಾಲಿ ಜಾಗದತ್ತ ಕೈ ತೋರಿಸಿದರು. "ಈ ಮೂಲೇಲಿ ಗಾಡಿ ಬಿಡೋಕೆ ಯಾರೂ ಒಪ್ಪಲ್ಲ, ಗೊತ್ತಾ? ಯಾಕೆ ಅಂದ್ರೆ ಅವರಿಗೂ ಗೊತ್ತಿಲ್ಲ."

ಮಾವ ಗೇಟಿನಿಂದ ನಡೆದುಕೊಂಡು ಬಂದ. ಎರಡು ವರ್ಷದಲ್ಲಿ ಅವನು ನಡೆದು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ದಪ್ಪ ಲಕೋಟೆ. ಚಪ್ಪಲಿಗಳನ್ನು ನೋಡಿ ನಿಂತ. ಸುತ್ತಲೂ ನೋಡಿದ. "ಎಲ್ಲಿ ಅಮ್ಮ?" ಎಂದು ಕೇಳಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ.

ಅವನಿಗೂ ಕೇಳಿಸಿತ್ತು. ಖಾಲಿ ಜಾಗದ ಒಳಗಿನಿಂದ, ಕಿಟಕಿ ಇದ್ದ ಕಡೆಯಿಂದ, ಕಾಲುತುಳಿ ಮಷೀನಿನ ಸದ್ದು. ಉದ್ದದ ಹೊಲಿಗೆ ಹಾಕುವಾಗ ಬರುವಂಥ ಬಿಡದ ಸದ್ದು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು.

ಮಾವ ಲಕೋಟೆಯನ್ನು ಮುಂದೆ ಚಾಚಿದ. ಯಾರ ಕೈಗೆ ಕೊಡುವುದೆಂದು ಗೊತ್ತಾಗದೆ ಅದನ್ನು ಅತ್ತಿತ್ತ ತಿರುಗಿಸಿದ. "ಅಮ್ಮ, ತಂದಿದೀನಿ," ಎಂದ. "ಎಲ್ಲಾ ವಾಪಸ್ ತಂದಿದೀನಿ."

ಸದ್ದು ನಿಂತಿತು.

ನಾನು ಚಪ್ಪಲಿಗಳ ಪಕ್ಕಕ್ಕೆ ಹೋದೆ. ಒಂದು ಕಾಲೆತ್ತಿ ಇಟ್ಟೆ, ಇನ್ನೊಂದು ಕಾಲೆತ್ತಿ ಇಟ್ಟೆ. ಪಾದದ ಕೆಳಗೆ ಬರೀ ಜಲ್ಲಿ. ತಲೆ ಬಗ್ಗಿಸಿ ಮುಂದೆ ಹೆಜ್ಜೆ ಹಾಕಿ ಬಯಲಿನ ಆಚೆ ತುದಿಗೆ ಹೋಗಿ ನಿಂತೆ. ಅಲ್ಲಿ ಕಾರುಗಳಿದ್ದವು. ತಿರುಗಿ ಬಂದು ಮತ್ತೆ ಚಪ್ಪಲಿಗಳ ಮುಂದೆ ನಿಂತೆ. ಗಂಟೆ ಒಂದೂಕಾಲು ಆಗಿತ್ತು. ಆಸ್ಪತ್ರೆಗೆ ಇಲ್ಲಿಂದ ಅರ್ಧ ಗಂಟೆಯ ದಾರಿ.

"ಅಜ್ಜಿ," ಎಂದೆ. ಓಗೊಡಲಿಲ್ಲ.

ನನ್ನ ದನಿ ಚಿಕ್ಕದು, ಗೋಡೆಯಾಚೆಗೆ ಕೇಳುವುದಿಲ್ಲ. ಚೀಟಿಯವರು, ಮಾವ, ಕಾರಿನಿಂದ ಇಳಿಯುತ್ತಿದ್ದವರು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನರ ಮುಂದೆ ನಾನು ಯಾವತ್ತೂ ದನಿ ಎತ್ತಿದವಳಲ್ಲ. ಏನೂ ಇಲ್ಲದ ಕಡೆಗೆ ಮುಖ ಮಾಡಿ, ಬೀದಿಯ ಆ ತುದಿಗೂ ಕೇಳುವ ಹಾಗೆ ಹೇಳಿದೆ.

"ಅಜ್ಜಿ, ಎರಡು ಗಂಟೆಗೆ ಮಷೀನಿದೆ. ಬಾಗಿಲು ತೆಗಿ."